ಹೊಸಿಲು ದಾಟಿದ ಬೀಸುವ ಪದ

ಅರಸೀಕೆರೆಯ ನಮ್ಮ ಮನೆಯಲ್ಲಿ ನಡುಮನೆಗೂ ಅಡುಗೆಮನೆಗೂ ಮಧ್ಯೆ ಒಂದು ಹೊಸಿಲಿದೆ. ಎತ್ತರ ಎಂದರೆ ಎರಡು ಬೆರಳು ಇದ್ದೀತು. ಮನೆ ಕಟ್ಟಿಸುವಾಗ ಮೇಸ್ತ್ರಿ, "ಒಳಗಿನ ಬಾಗಿಲಿಗೆಲ್ಲ ಈಗ ಯಾರೂ ಹೊಸಿಲು ಇಡ್ಸಲ್ಲ ಮೇಡಂ" ಎಂದಿದ್ದ. ಅಡುಗೆಮನೆಗೆ ಹೊಸಿಲು ಇರಲೇಬೇಕು ಎಂದು ಹಟ ಹಿಡಿದವರು ನಮ್ಮ ಅತ್ತೆ. ಕೆಲವು ವರ್ಷದ ಮೇಲೆ ಅದೇ ಹೊಸಿಲಿನ ಮುಂದೆ ಒಂದು ಬೆಳಿಗ್ಗೆ ಅವರ ಕಾಲು ನೆಲಕ್ಕೆ ಅಂಟಿಕೊಂಡಿತು.

ಅಂಟಿಕೊಂಡಿತು ಅನ್ನುವುದು ಅವರದೇ ಮಾತು. ಕೈ ನಡುಗುವ ಕಾಯಿಲೆ ಅದಕ್ಕೂ ಮೊದಲೇ ಇತ್ತು. ಹಾಸನದ ಡಾಕ್ಟರು ಅದಕ್ಕೆ ಪಾರ್ಕಿನ್ಸನ್ ಎಂದು ಹೆಸರು ಹೇಳಿ ಗುಳಿಗೆ ಬರೆದುಕೊಟ್ಟಿದ್ದರು, ಅದರಿಂದ ನಡುಕ ಎಷ್ಟೋ ತಗ್ಗಿತ್ತು. ಆದರೆ ಬಯಲಲ್ಲಿ ಸರಾಗವಾಗಿ ನಡೆಯುವ ಹೆಂಗಸು ಬಾಗಿಲ ಹತ್ತಿರ ಬಂದರೆ ನಿಂತೇಬಿಡುತ್ತಿದ್ದರು. ಮನಸ್ಸಿದೆ, ಕಾಲಿನಲ್ಲಿ ಕಸುವೂ ಇದೆ, ಕಾಲು ಮಾತ್ರ ಏಳುವುದಿಲ್ಲ. ಡಾಕ್ಟರನ್ನು ಕೇಳಿದಾಗ ಈ ಕಾಯಿಲೆಯಲ್ಲಿ ಹೀಗಾಗುವುದುಂಟು, ಅದರಲ್ಲೂ ಬಾಗಿಲು, ಹೊಸಿಲು, ಇಕ್ಕಟ್ಟಿನ ಜಾಗದಲ್ಲಿ ಜಾಸ್ತಿ ಎಂದರು.

ಮೊದಮೊದಲು ನಾನೂ ನನ್ನ ಗಂಡನೂ ಆಚೆ ಈಚೆ ತೋಳು ಹಿಡಿದು ಎತ್ತಿ ದಾಟಿಸುತ್ತಿದ್ದೆವು. ಒಂದು ದಿನ ಅತ್ತೆ ಇಬ್ಬರ ಕೈಯನ್ನೂ ಕೊಡವಿದರು.

"ಎತ್ತಿ ಹೊಸಿಲು ದಾಟ್ಸೋದು ಹೆಣಾನ ಕಣ್ರೋ. ಅದೊಂದ್ಸಲ ನೀವು ಹೆಂಗಿದ್ರೂ ಎತ್ತೀರಿ. ಅಲ್ಲೀಗಂಟ ನನ್ನ ಎತ್‌ಬ್ಯಾಡಿ."

ಆಮೇಲೆ ಯಾರ ಮಾತೂ ನಡೆಯಲಿಲ್ಲ. ಹೊಸಿಲನ್ನೇ ಕೀಳಿಸಿಬಿಡೋಣ ಎಂದು ನನ್ನ ಗಂಡ ಅಂದದ್ದಕ್ಕೆ, "ನನ್ ಕಾಲು ಸರಿಯಿಲ್ಲ ಅಂತ ಮನೆ ಹಲ್ಲು ಕೀಳ್ತೀಯೇನ್ಲಾ?" ಎಂದು ಬೈಸಿಕೊಂಡರು. ಕಣಕಟ್ಟೆ ಕಡೆಯ ತೋಟದಲ್ಲಿ, ರಾಗಿ ಹೊಲದಲ್ಲಿ ಬೆಳಗಿನಿಂದ ಸಂಜೆಯವರೆಗೆ ತಿರುಗಿದ್ದ ಜೀವ ಅದು. ಈಗ ನಡುಮನೆಯ ಮಂಚ, ಅದರ ಪಕ್ಕದ ಹೊಸಿಲಿಲ್ಲದ ಬಚ್ಚಲು, ಇಷ್ಟರಲ್ಲೇ ಉಳಿಯಿತು. ಅಡುಗೆಮನೆಯ ಉಸ್ತುವಾರಿಯನ್ನು ಮಂಚದ ಮೇಲೆ ಕೂತೇ ನಡೆಸುತ್ತಿದ್ದರು. ಒಗ್ಗರಣೆ ಸೀದರೆ ನನಗಿಂತ ಮೊದಲು ಅವರಿಗೆ ಗೊತ್ತಾಗುತ್ತಿತ್ತು.

ನನ್ನ ಕೆಲಸವೂ ಅದೇ ನಡುಮನೆಯಲ್ಲಿ. ಸಂಜೆ ಮಕ್ಕಳು ಬರುತ್ತಾರೆ, ಅವರಿಗೆ ಕೀಬೋರ್ಡ್ ಹೇಳಿಕೊಡುತ್ತೇನೆ. ಬೇಲೂರಿನಲ್ಲಿ ಹುಟ್ಟಿ ಬೆಳೆದವಳು ನಾನು. ದೇವಸ್ಥಾನದ ಹಿಂದಿನ ಬೀದಿಯಲ್ಲಿದ್ದ ಒಬ್ಬ ಮೇಷ್ಟ್ರ ಹತ್ತಿರ ಹಾಡುವುದನ್ನು ಕಲಿತೆ. ಅವರು ಮುಂಗೋಪಿಯಲ್ಲ, ಆದರೆ ನನ್ನ ವಿಷಯದಲ್ಲಿ ಆಗಿಬಿಡುತ್ತಿದ್ದರು. ಕಾರಣ ನನ್ನ ಅವಸರ. ಊಟ, ಮಾತು, ಜಗಳ ಎಲ್ಲದರಲ್ಲೂ ನನಗೆ ಅವಸರವೇ. ಹಾಡಿನಲ್ಲಂತೂ ಕೇಳುವುದೇ ಬೇಡ. "ಓಡಬೇಡಮ್ಮ, ನಿನ್ನನ್ನ ಯಾರೂ ಅಟ್ಟಿಸ್ಕೊಂಡು ಬರ್ತಿಲ್ಲ" ಎಂದು ಅವರು ತೊಡೆ ತಟ್ಟಿ ತಟ್ಟಿ ನನ್ನನ್ನು ಹಿಂದಕ್ಕೆ ಎಳೆಯುತ್ತಿದ್ದರು. ಶುರುವಿನ ದಿನಗಳಲ್ಲಿ ತಾಳ ಗುರುತಿಸಲು ಗೊತ್ತಾಗದೆ ನಾನು ಪರದಾಡುವಾಗ, "ಸದ್ಯಕ್ಕೆ ಮೂರು ಕಿವಿಗೆ ಬಿದ್ದರೆ ರೂಪಕ ಅಂತ ಹಿಡಿ" ಎಂದು ಒಂದು ಸುಲಭದ ದಾರಿ ಹೇಳಿಕೊಟ್ಟಿದ್ದರು. ಎರಡು ಪೆಟ್ಟು, ಒಂದು ಹುಸಿ: ಕೈ ಎರಡು ಸಲ ಬೀಳುತ್ತದೆ, ಮೂರನೆಯ ಸಲ ಗಾಳಿಯಲ್ಲಿ ಮಗುಚಿಕೊಳ್ಳುತ್ತದೆ. ಸದ್ಯಕ್ಕೆ ಅಂದದ್ದು ನನಗೆ ಮರೆತುಹೋಗಿ, ರೂಪಕ ಮಾತ್ರ ನೆನಪಿನಲ್ಲಿ ಉಳಿಯಿತು.

ಮದುವೆಯಾಗಿ ಅರಸೀಕೆರೆಗೆ ಬಂದ ಮೇಲೆ ಕೀಬೋರ್ಡ್ ಕಲಿತೆ. ತಂದೆತಾಯಂದಿರಿಗೆ ಮಕ್ಕಳು ಗ್ರೇಡ್ ಪರೀಕ್ಷೆ ಪಾಸು ಮಾಡಬೇಕು, ಆ ಪರೀಕ್ಷೆಗೆ ಐದು ಗೆರೆಯ ಮೇಲೆ ಸ್ವರ ಬರೆಯುವ ಪಾಶ್ಚಾತ್ಯ ಪದ್ಧತಿ ಬರಬೇಕು. ಪುಸ್ತಕ ಇಟ್ಟುಕೊಂಡು, ಫೋನಿನಲ್ಲಿ ಪಾಠ ನೋಡಿಕೊಂಡು ನಾನು ಒಂದು ಹೆಜ್ಜೆ ಮುಂದೆ, ಮಕ್ಕಳು ಒಂದು ಹೆಜ್ಜೆ ಹಿಂದೆ ಎನ್ನುವ ಹಾಗೆ ಸಾಗುತ್ತಿದ್ದೆವು. ಹಾಗೆ ಸಾಗಿದ್ದವರು ಒಂದು ಕಡೆ ಸಿಕ್ಕಿಬಿದ್ದೆವು. ಅದು ಆರು-ಎಂಟರ ಪಾಠ.

ಆ ಪದ್ಧತಿಯಲ್ಲಿ ಹಾಡಿನ ಶುರುವಿಗೆ ಒಂದರ ಮೇಲೊಂದು ಎರಡು ಅಂಕಿ ಬರೆಯುತ್ತಾರೆ. ಮೂರರ ಕೆಳಗೆ ನಾಲ್ಕು ಬರೆದರೆ ಒಂದು ಮನೆಯಲ್ಲಿ, ಅಂದರೆ ಎರಡು ನಿಂತ ಗೆರೆಗಳ ನಡುವೆ, ಮೂರು ಪೆಟ್ಟು, ಒಂದೊಂದು ಪೆಟ್ಟಿನಲ್ಲಿ ಎರಡೆರಡು ಚಿಕ್ಕ ಸ್ವರ. ಒಟ್ಟು ಆರು. ಆರರ ಕೆಳಗೆ ಎಂಟು ಬರೆದರೂ ಒಂದು ಮನೆಯಲ್ಲಿ ಚಿಕ್ಕ ಸ್ವರ ಆರೇ. "ಮಿಸ್, ಎರಡೂ ಆರೇ ಅಲ್ವಾ? ಮತ್ತೆ ಯಾಕೆ ಬೇರೆ ಬೇರೆ ಬರೀತಾರೆ?" ಎಂದು ಒಬ್ಬಳು ಕೇಳಿದಳು. ಪುಸ್ತಕದಲ್ಲಿದ್ದ ವಾಕ್ಯವನ್ನು ನಾನು ಗಟ್ಟಿಯಾಗಿ ಓದಿದೆ. ಅವಳು ಪಾಪ ತಲೆಯಾಡಿಸಿದಳು. ಅವಳಿಗೆ ತಿಳಿಯಲಿಲ್ಲ ಎಂದು ನನಗೆ ತಿಳಿಯಿತು, ನನಗೂ ತಿಳಿದಿಲ್ಲ ಎಂದು ಬಹುಶಃ ಅವಳಿಗೂ ತಿಳಿಯಿತು.

ನನ್ನ ಗಂಡ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಉತ್ತರಪತ್ರಿಕೆ ತಿದ್ದುತ್ತ ಮೂಲೆಯಲ್ಲಿ ಕೂತಿದ್ದವರು ತಲೆ ಎತ್ತದೆ ಹೇಳಿದರು: "ಎರಡ್ ಮೂರ್ಲ ಆರು, ಮೂರ್ ಎರಡ್ಲ ಆರು. ಇದಕ್ಕೂ ಜಗಳ ಮಾಡ್ತೀರಲ್ಲ ನೀವು ಸಂಗೀತದವರು."

ಇದೇ ದಿನಗಳಲ್ಲಿ ಹಳೇಬೀಡಿನಿಂದ ಸುದ್ದಿ ಬಂತು. ನನ್ನ ನಾದಿನಿ, ಅಂದರೆ ಅತ್ತೆಯ ಒಬ್ಬಳೇ ಮಗಳು, ಅಲ್ಲಿರುವುದು. ಅವಳ ಮಗಳು ಹೆರಿಗೆಗೆ ಬಂದಿದ್ದವಳು ಹೆಣ್ಣುಮಗು ಹೆತ್ತಿದ್ದಳು. ಮೂರನೇ ತಿಂಗಳಲ್ಲಿ ಮಗುವನ್ನು ತೊಟ್ಟಿಲಿಗೆ ಹಾಕುವ ಶಾಸ್ತ್ರ. ಈ ಮನೆತನದಲ್ಲಿ ತಾಯಿಯ ಕಡೆಯ ಹಿರಿಯ ಹೆಂಗಸು ತೊಟ್ಟಿಲಿಗೆ ಮೊದಲ ತೂಗು ಕೊಡಬೇಕು. ನನ್ನ ನಾದಿನಿಯ ತೊಟ್ಟಿಲನ್ನು ಅತ್ತೆಯ ತಾಯಿ ತೂಗಿದ್ದರಂತೆ. ಈ ಬಾಣಂತಿಯ ತೊಟ್ಟಿಲನ್ನು ಅತ್ತೆ ತೂಗಿದ್ದರು, ಅದನ್ನು ನಾನೇ ನೋಡಿದ್ದೇನೆ. ಈಗ ಮರಿಮಗಳ ತೊಟ್ಟಿಲು.

"ನಾನು ಬರಾಕಿಲ್ಲ" ಎಂದರು ಅತ್ತೆ. "ಅವಳ ಮನೆ ಹೊಸಿಲು ಮೊಣಕಾಲುದ್ದ ಐತೆ. ನಾಕ್ ಜನ ಸೇರಿ ನನ್ನ ಎತ್ತಾದು, ಊರ್ ಜನ ನೋಡಾದು. ಬ್ಯಾಡ. ಮಗೀನ ಆಮ್ಯಾಕೆ ಇಲ್ಲಿಗೇ ಕರ್ಕಂಬರ್ಲಿ."

ಹಾಗೆಂದು ಗೋಡೆಯ ಕಡೆ ತಿರುಗಿ ಮಲಗಿದರು. ಹೆಗಲು ಅಲುಗುತ್ತಿತ್ತು. ಕಾಯಿಲೆಯ ನಡುಕ ಎಂದುಕೊಂಡೆ. ಕಾಫಿ ಕೊಡಲು ಹತ್ತಿರ ಹೋದಾಗ ದಿಂಬು ಒದ್ದೆಯಾಗಿತ್ತು. ಮಾವ ಹೋದಾಗಲೂ ಜನರ ಮುಂದೆ ಕಣ್ಣೀರು ಹಾಕದ ಹೆಂಗಸು. ಈ ಮುದುಕಿಯನ್ನು ಹೇಗಾದರೂ ಮಾಡಿ ಹಳೇಬೀಡಿನ ಆ ಹೊಸಿಲು ದಾಟಿಸಲೇಬೇಕು, ಅವರದೇ ಕಾಲಿನ ಮೇಲೆ, ಎಂದು ಅಲ್ಲೇ ನಿಂತು ನಿಶ್ಚಯಿಸಿದೆ.

ವ್ಯಾಯಾಮ ಹೇಳಿಕೊಡಲು ವಾರಕ್ಕೊಮ್ಮೆ ಬರುತ್ತಿದ್ದ ಫಿಸಿಯೋಥೆರಪಿಯ ಹುಡುಗಿ ಒಳ್ಳೆಯ ತಾಳ್ಮೆಯವಳು. ಅಂಟಿಕೊಂಡ ಕಾಲಿಗೆ ಹೊರಗಿನಿಂದ ಒಂದು ಲಯ ಕೊಟ್ಟರೆ ಕೆಲವರಿಗೆ ಕಾಲು ಬಿಟ್ಟುಕೊಳ್ಳುತ್ತದೆ ಎಂದು ಅವಳೇ ಹೇಳಿದ್ದು. "ಎಡ, ಬಲ, ಎಡ, ಬಲ" ಎಂದು ಚಪ್ಪಾಳೆ ತಟ್ಟಿ ತೋರಿಸಿದಳು. ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿ, "ನಾನೇನು ಪೊಲೀಸಾ ತಾಯಿ, ಪರೇಡ್ ಮಾಡಾಕೆ?" ಎಂದರು. ಅವಳು ನಕ್ಕು ನನಗೆ ಮೆಲ್ಲಗೆ ಹೇಳಿದಳು: "ಆಂಟಿ, ಅಜ್ಜಿಗೆ ಗೊತ್ತಿರೋ ಹಾಡು ಯಾವುದಾದ್ರೂ ಇದ್ರೆ ಅದನ್ನೇ ಇಟ್ಟು ನೋಡಿ. ನೀವು ಹೆಂಗಿದ್ರೂ ಮ್ಯೂಸಿಕ್ ಟೀಚರ್ ಅಲ್ವಾ." ಆ ಒಂದು ಮಾತಿಗೆ ನಾನು ಅವಳಿಗೆ ಇವತ್ತಿಗೂ ಋಣಿ.

ಯಾವ ಹಾಡು ಇಷ್ಟ ಎಂದು ಅತ್ತೆಯನ್ನು ಕೇಳಿದೆ.

"ಇಷ್ಟ ಏನ್ ಬಂತು. ರಾಗಿ ಬೀಸೋವಾಗ ಹಾಡ್ತಿದ್ದೆ. ಊರಿಗೆ ಮಿಲ್ ಬಂತು, ಕಲ್ಲೂ ಮೂಲೆ ಸೇರ್ತು, ಹಾಡೂ ಸೇರ್ತು."

ಬಹಳ ಬಲವಂತ ಮಾಡಿದ ಮೇಲೆ ಹಾಡಿದರು. ದನಿ ತೆಳ್ಳಗಾಗಿತ್ತು, ಆದರೆ ಎಲ್ಲೂ ತಡವರಿಸಲಿಲ್ಲ.

ರಾಗಿ ಬಂತು ಮನೆಗೆ ತಾಯಿ
ಕಲ್ಲು ತಿರುಗು ಮೆಲ್ಲ ಮೆಲ್ಲ
ಹಿಟ್ಟು ಬರಲಿ ನುಣ್ಣಗಾಗಿ
ಊರಿಗೆಲ್ಲ ಹಂಚಿ ಉಣುವೆ

ಇಪ್ಪತ್ತಕ್ಕೂ ಹೆಚ್ಚು ವರ್ಷ ಅವರ ಜೊತೆ ಒಂದೇ ಸೂರಿನಡಿ ಇದ್ದೇನೆ, ಅವರು ಹಾಡಿದ್ದನ್ನು ಕೇಳಿದ್ದು ಅದೇ ಮೊದಲು. ತಕ್ಷಣ ಪೆನ್ಸಿಲ್ ಹಿಡಿದು ಕೂತೆ. ಒಂದೊಂದು ಪದಕ್ಕೂ ಮೂರು ಮಾತ್ರೆ, ಎರಡು ಪದಕ್ಕೆ ಆರು, ಉದ್ದದ ಪದವಾದರೆ ಒಂದಕ್ಕೇ ಆರು. ಮೂರು ಕಿವಿಗೆ ಬಿತ್ತು, ರೂಪಕ ಹಿಡಿದೆ. ಮೂರು-ನಾಲ್ಕು ಎಂದು ಅಂಕಿ ಹಾಕಿ, ಆರು ಮಾತ್ರೆಯನ್ನು ಎರಡೆರಡಾಗಿ ಮೂರು ಪೆಟ್ಟಿಗೆ ಹಂಚಿ ಬರೆದೆ. ಗಂಡನಿಗೆ ತೋರಿಸಿದೆ. "ಲೆಕ್ಕ ಸರಿಯಾಗಿದೆ" ಎಂದರು. ಗಣಿತದ ಮೇಷ್ಟ್ರು ಸರಿ ಎಂದ ಮೇಲೆ ಇನ್ನೇನು.

ಮಾರನೇ ದಿನ ಮಧ್ಯಾಹ್ನ ಅತ್ತೆಯನ್ನು ಅಡುಗೆಮನೆಯ ಹೊಸಿಲಿನ ಮುಂದೆ ನಿಲ್ಲಿಸಿ, ನಾನು ಆಚೆ ಬದಿಗೆ ನಿಂತು, ಕೈಯಲ್ಲಿ ತಾಳ ಹಾಕುತ್ತ ಹಾಡಿದೆ. "ನನ್ ಕೈ ನೋಡಿಕೊಂಡು ಕಾಲಿಡಿ ಅತ್ತೆ. ಪೆಟ್ಟಿಗೊಂದು ಹೆಜ್ಜೆ." ಮೊದಲ ಪೆಟ್ಟಿಗೆ ಬಲಗಾಲು ಅಲುಗಿತು! ಎರಡನೆಯ ಪೆಟ್ಟಿಗೆ ಎಡಗಾಲು ಅಲುಗಿತು. ಮೂರನೆಯದು ಹುಸಿ, ನನ್ನ ಕೈ ಗಾಳಿಯಲ್ಲಿ ಮಗುಚಿತು, ಅವರ ಬಲಗಾಲು ಎಲ್ಲಿಗೂ ಹೋಗದೆ ಗಾಳಿಯಲ್ಲೇ ನಿಂತಿತು. ಮೈ ವಾಲಿತು. ನನ್ನ ಗಂಡ ಓಡಿಬಂದು ಹಿಡಿಯದಿದ್ದರೆ ಬಿದ್ದೇಬಿಡುತ್ತಿದ್ದರು.

ಅತ್ತೆಗೆ ಸಿಟ್ಟು ಬಂತು. "ನಂಗಿರಾದು ಎರಡೇ ಕಾಲು ಕಣೇ. ನಿನ್ ಮೂರನೇದಕ್ಕೆ ಕಾಲು ಎಲ್ಲಿಂದ ತರ್ಲಿ?"

ಫೋನಿನಲ್ಲಿ ಟಕ್ ಟಕ್ ಎಂದು ಲಯ ಹೊಡೆಯುವ ಆಪ್ ಇದೆಯಲ್ಲ, ಅದನ್ನೂ ಪ್ರಯತ್ನಿಸಿದೆ. ಚಿಕ್ಕ ಮಾತ್ರೆ ಆರಕ್ಕೂ ಟಕ್ ಎನ್ನುವ ಹಾಗೆ ಇಟ್ಟೆ. ಅದು ಇನ್ನೂ ಕೆಟ್ಟದಾಯಿತು. ಪ್ರತಿ ಟಕ್ಕಿಗೂ ಕಾಲಿಡಲು ಹೋಗಿ, ಬಿಸಿ ಮರಳಿನ ಮೇಲೆ ನಿಂತವರ ಹಾಗೆ ಗಿಡ್ಡ ಗಿಡ್ಡ ಹೆಜ್ಜೆ ಹಾಕುತ್ತ ಮುಂದಕ್ಕೆ ಮುಗ್ಗರಿಸಿದರು. ಫೋನು ಮುಚ್ಚಿಟ್ಟೆ. ತೊಟ್ಟಿಲ ಶಾಸ್ತ್ರದ ದಿನ ಹತ್ತಿರ ಬರುತ್ತಿತ್ತು. "ಬಿಟ್ಬುಡು ಕಣೇ, ಸುಮ್ಕೆ ಯಾಕೆ ಒದ್ದಾಡ್ತೀಯ" ಎಂದು ಅತ್ತೆಯೇ ನನಗೆ ಸಮಾಧಾನ ಹೇಳಿದರು. ನನಗೆ ಅದು ಸಮಾಧಾನವಾಗಲಿಲ್ಲ, ಅವಮಾನವೂ ಆಗಲಿಲ್ಲ, ಬರೀ ದುಃಖವಾಯಿತು. ಇಷ್ಟು ವರ್ಷ ಕಲಿತ ವಿದ್ಯೆ ಎರಡು ಬೆರಳು ಎತ್ತರದ ಮರದ ಮುಂದೆ ಕೈಕಟ್ಟಿ ನಿಂತಿತ್ತು.

ಆ ಎರಡು ಕಾಲಿನ ಮಾತು ಮಾತ್ರ ನನ್ನ ತಲೆಯಿಂದ ಹೋಗಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಅತ್ತೆಯ ಕಾಲ ಬಳಿ ಕೂತು, ಹಾಡನ್ನು ಇನ್ನೊಮ್ಮೆ ಹಾಡಿ ಎಂದೆ. "ಸುಮ್ನೆ ಅಲ್ಲ, ಬೀಸ್ತಾ ಹಾಡಿ. ಮುಂದೆ ಕಲ್ಲಿದೆ ಅಂದ್ಕೊಳ್ಳಿ." ಅವರು ಮಂಚದಿಂದ ಕಾಲು ಇಳಿಬಿಟ್ಟು, ಇಲ್ಲದ ಕಲ್ಲಿನ ಗೂಟ ಹಿಡಿದರು. ಅವರ ಕೈ ಗಾಳಿಯಲ್ಲಿ ದುಂಡಗೆ ತಿರುಗಲು ಶುರುವಾಯಿತು. ನಾನು ಈ ಸಲ ತಾಳ ಹಾಕಲಿಲ್ಲ, ಕೈಕಟ್ಟಿಕೊಂಡು ಅವರ ಹೆಗಲನ್ನು ನೋಡಿದೆ. "ರಾಗಿ" ಎನ್ನುವಾಗ ಹೆಗಲು ಹಿಂದಕ್ಕೆ, ಕಲ್ಲನ್ನು ತನ್ನ ಕಡೆಗೆ ಎಳೆಯುವುದು. "ಬಂತು" ಎನ್ನುವಾಗ ಹೆಗಲು ಮುಂದಕ್ಕೆ, ಕಲ್ಲನ್ನು ಆಚೆಗೆ ತಳ್ಳುವುದು. "ಮನೆಗೆ" ಎಳೆತ, "ತಾಯಿ" ತಳ್ಳು. ಒಂದು ಸುತ್ತಿಗೆ ಎರಡೇ. ಮೂರು ಅನ್ನುವುದು ಹೊರಗೆ ಎಲ್ಲೂ ಕಾಣುತ್ತಿರಲಿಲ್ಲ. ಅದು ಒಂದೊಂದು ಎಳೆತದ ಒಳಗೆ, ಒಂದೊಂದು ತಳ್ಳಿನ ಒಳಗೆ ಕೂತಿತ್ತು.

ನಾನು ಎದ್ದು ಹೋಗಿ ನನ್ನ ಹಾಳೆ ತಂದೆ. ಶಾಲೆಯಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕುತ್ತಿದ್ದೆವಲ್ಲ, ಹಾಗೆ ಅಕ್ಷರದ ತಲೆಯ ಮೇಲೆ ಗುರು ಲಘು ಹಾಕಿದೆ. "ರಾಗಿ" ಎಂದರೆ ಒಂದು ಗುರು ಒಂದು ಲಘು, ಮೂರು ಮಾತ್ರೆ. "ಬಂತು" ಹಾಗೆಯೇ. "ಮನೆಗೆ" ಮೂರೂ ಲಘು. ನಾನು ಮೊದಲು ಬರೆದಿದ್ದ ತಾಳವನ್ನು ಅದರ ಮೇಲೆ ಹೊಂದಿಸಿ ನೋಡಿದೆ. ಮೊದಲ ಪೆಟ್ಟು "ರಾ" ಮೇಲೆ, ಸರಿ. ಎರಡನೆಯದು "ಗಿ" ಮೇಲೆ ಬೀಳುತ್ತಿತ್ತು. ಮೂರನೆಯ ಹುಸಿ "ಬಂ" ಎಂಬ ಗುರುವಿನ ಹೊಟ್ಟೆಯೊಳಗೆ, ಯಾವ ಅಕ್ಷರವೂ ಹುಟ್ಟದ ಜಾಗದಲ್ಲಿ. ಅತ್ತೆಯ ಕಾಲು ಗಾಳಿಯಲ್ಲಿ ನಿಂತದ್ದು ಅಲ್ಲಿಯೇ. ಆರು ಮಾತ್ರೆಯ ಮೊತ್ತ ಕೂಡಿಬಂದಿದ್ದರಿಂದ ನಾನಾಗಲಿ ಗಣಿತದ ಮೇಷ್ಟ್ರಾಗಲಿ ಅನುಮಾನ ಪಟ್ಟಿರಲಿಲ್ಲ.

ಹೊಸ ಹಾಳೆ ತೆಗೆದುಕೊಂಡು ಆರರ ಕೆಳಗೆ ಎಂಟು ಬರೆದೆ. ಚಿಕ್ಕ ಸ್ವರಗಳನ್ನು ಈ ಸಲ ಮೂರು ಮೂರಾಗಿ ಅಡ್ಡಗೆರೆ ಎಳೆದು ಕಟ್ಟಿದೆ. ಗುರು ಇದ್ದಲ್ಲಿ ಉದ್ದದ ಸ್ವರ, ಲಘು ಇದ್ದಲ್ಲಿ ಗಿಡ್ಡದು. ಒಂದು ಮನೆಯೊಳಗೆ "ರಾಗಿ ಬಂತು", ಇನ್ನೊಂದು ಮನೆಯೊಳಗೆ "ಮನೆಗೆ ತಾಯಿ". ಉದ್ದದ ಸ್ವರದ ಪಕ್ಕ ಒಂದು ಚುಕ್ಕೆ ಇಟ್ಟರೆ ಅದು ಮೂರು ಗಿಡ್ಡ ಸ್ವರಕ್ಕೆ ಸಮ ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಆ ಚುಕ್ಕೆಯ ಸ್ವರವೇ ಇಲ್ಲಿ ಪೆಟ್ಟು. ಎಣಿಸಬೇಕಾದದ್ದು ಆರನ್ನಲ್ಲ, ಮೂರನ್ನೂ ಅಲ್ಲ, ಎರಡನ್ನು. ಪುಸ್ತಕದಲ್ಲಿ ಇದೇ ಇತ್ತು, ನಾನೇ ಗಟ್ಟಿಯಾಗಿ ಓದಿದ್ದೆ. ನಮ್ಮ ಸಂಗೀತದಲ್ಲಿ ಇದಕ್ಕೆ ತಿಶ್ರ ನಡೆ ಎನ್ನುತ್ತಾರೆ, ಬೇಲೂರಿನ ಮೇಷ್ಟ್ರು ತಕಿಟ ತಕಿಟ ಎಂದು ಅದನ್ನೂ ಹೇಳಿಸಿದ್ದರು. ನನಗೆ ಅದು ನಾಲಗೆಯ ಕಸರತ್ತಾಗಿ ಮಾತ್ರ ನೆನಪಿತ್ತು. ಮೇಷ್ಟ್ರು ಈಗ ಇಲ್ಲ. ಇದ್ದಿದ್ದರೆ ಆ ಸಂಜೆಯೇ ಬಸ್ಸು ಹತ್ತಿ ಹೋಗಿ ಕಾಲಿಗೆ ಬೀಳುತ್ತಿದ್ದೆ.

ಮತ್ತೆ ಹೊಸಿಲಿನ ಮುಂದೆ ನಿಂತೆವು. ಗಂಡ ಹಿಂದೆ, ಮುಟ್ಟದೆ, ಕೈ ಚಾಚಿಕೊಂಡು. "ಒಂದು ಪದಕ್ಕೆ ಒಂದು ಹೆಜ್ಜೆ ಅತ್ತೆ. ಎಳೀವಾಗ ಬಲಗಾಲು, ತಳ್ಳುವಾಗ ಎಡಗಾಲು" ಎಂದು ಹಾಡಿದೆ. ಅವರ ಹೆಗಲು ಸಣ್ಣಗೆ ತೂಗಿತು. ಕಾಲು ಏಳಲಿಲ್ಲ. ಇನ್ನೊಮ್ಮೆ ಹಾಡಿದೆ.

"ತಡಿ ಕಣೇ" ಎಂದರು ಅತ್ತೆ. "ಖಾಲಿ ಕಲ್ಲು ತಿರುಗಿಸ್ದಂಗೆ ಹಾಡ್ತಾ ಇದ್ದೀಯ. ಕಾಳು ಹಾಕು."

ಬೀಸುವ ಕಲ್ಲಿನ ಬಾಯಿಗೆ ಒಂದು ಹಿಡಿ ಕಾಳು ಬಿದ್ದರೆ ಕಲ್ಲು ಭಾರವಾಗಿ ನಿಧಾನಕ್ಕೆ ತಿರುಗುತ್ತದೆ. ಕಾಳಿಲ್ಲದಿದ್ದರೆ ಗರಗರ ಸುತ್ತುತ್ತದೆ, ಕಲ್ಲಿಗೆ ಕಲ್ಲು ತಿಕ್ಕಿ ಹಿಟ್ಟಿನಲ್ಲಿ ಮರಳು ಸೇರುತ್ತದೆ. ಇದನ್ನು ಅತ್ತೆ ಆಮೇಲೆ ವಿವರಿಸಿದರು. ಆ ಗಳಿಗೆಯಲ್ಲಿ ನನಗೆ ಕೇಳಿಸಿದ್ದು, ಓಡಬೇಡಮ್ಮ ಎನ್ನುವ ಬೇಲೂರಿನ ದನಿ. ಉಸಿರು ತೆಗೆದುಕೊಂಡು, ಒಂದೊಂದು ಪದಕ್ಕೂ ಒಂದು ಹಿಡಿ ರಾಗಿ ಸುರಿಯುತ್ತಿದ್ದೇನೆ ಎಂದುಕೊಂಡು ಹಾಡಿದೆ. ರಾಗಿ, ಬಲಗಾಲು ಎದ್ದು ಹೊಸಿಲಿನ ಆಚೆ ಬಿತ್ತು. ಬಂತು, ಎಡಗಾಲು ಹಿಂಬಾಲಿಸಿತು. ಮನೆಗೆ, ತಾಯಿ, ಅತ್ತೆ ಅಡುಗೆಮನೆಯೊಳಗೆ ಇದ್ದರು. ತಿಂಗಳುಗಳ ಮೇಲೆ ಒಳಗೆ ಬಂದವರು ಸುತ್ತ ನೋಡಿ ಮೊದಲು ಆಡಿದ ಮಾತು, "ಎಣ್ಣೆ ಡಬ್ಬ ಯಾಕೆ ಒಲೆ ಪಕ್ಕ ಇಟ್ಟಿದ್ದೀಯ?"

ನನ್ನ ಗಂಡ ಹಿತ್ತಲಿಗೆ ಹೋಗಿ ಸ್ವಲ್ಪ ಹೊತ್ತು ಬರಲಿಲ್ಲ.

ಹಾಡಿನಿಂದ ಕಾಯಿಲೆ ವಾಸಿಯಾಯಿತೆಂದು ನಾನು ಹೇಳುತ್ತಿಲ್ಲ. ಕೆಲವು ದಿನ ಒಂದೇ ಸಲಕ್ಕೆ ಕಾಲು ಬಿಡುತ್ತಿತ್ತು, ಕೆಲವು ದಿನ ಎಷ್ಟು ಹಾಡಿದರೂ ಇಲ್ಲ. ಗುಳಿಗೆಯ ಹೊತ್ತು ಮೀರಿದರೆ ಯಾವ ಲಯವೂ ನಡೆಯುತ್ತಿರಲಿಲ್ಲ. ಹಾಡನ್ನು ಪೂರ್ತಿ ಸ್ವರ ಹಾಕಿ ಶುದ್ಧಪ್ರತಿ ಬರೆದೆ. ಅದರ ತಲೆಯ ಮೇಲೆ, ಎಷ್ಟು ವೇಗದಲ್ಲಿ ಹಾಡಬೇಕೆಂದು ಬರೆಯುವ ಜಾಗವಿದೆ. ಅಲ್ಲಿ ಇಟಾಲಿಯನ್ ಮಾತು ಬರೆಯುವುದು ರೂಢಿ. ನಾನು "ಕಾಳು ಹಾಕಿ" ಎಂದು ಬರೆದೆ.

ಮಕ್ಕಳಿಗೂ ಅದೇ ವಾರ ಆರು-ಎಂಟನ್ನು ಮತ್ತೆ ಹೇಳಿಕೊಟ್ಟೆ. ಆರು ತೆಂಗಿನಕಾಯಿಯನ್ನು ನೆಲದ ಮೇಲೆ ಇಟ್ಟು, ಎರಡೆರಡು ಜೋಡಿಸಿದರೆ ಮೂರು ಗುಂಪು, ಮೂರು ಮೂರು ಜೋಡಿಸಿದರೆ ಎರಡು ಗುಂಪು, ಈಗ ಎರಡು ಕೈಯಲ್ಲಿ ಹಿಡಿದು ನಡೆಯಲು ಯಾವುದು ಸುಲಭ ಹೇಳಿ ಎಂದೆ. ಆಮೇಲೆ ಎಲ್ಲರನ್ನೂ ಎಬ್ಬಿಸಿ ನಡುಮನೆಯ ತುಂಬ ರಾಗಿ ಪದಕ್ಕೆ ಹೆಜ್ಜೆ ಹಾಕಿಸಿದೆ. ಅಂದು ಪ್ರಶ್ನೆ ಕೇಳಿದ್ದ ಹುಡುಗಿ ಎರಡು ಸುತ್ತು ನಡೆದು, ಮೂರು-ನಾಲ್ಕಕ್ಕೂ ಒಮ್ಮೆ ಹೆಜ್ಜೆ ಹಾಕಿ ನೋಡಿ, "ಓ, ಇದು ನಡೆಯೋದು ಮಿಸ್! ಮೂರು-ನಾಲ್ಕು ನಡೆಯಲ್ಲ, ಅದು ತಿರುಗತ್ತೆ" ಎಂದಳು. ನನ್ನ ಪುಸ್ತಕದಲ್ಲಿ ಅಷ್ಟು ಚೆನ್ನಾಗಿ ಬರೆದಿರಲಿಲ್ಲ. ಮಂಚದ ಮೇಲಿದ್ದ ಅತ್ತೆ ಮಕ್ಕಳಿಗೆಲ್ಲ ಕೊಬ್ಬರಿ ಬೆಲ್ಲ ಕೊಡಲು ಹೇಳಿದರು.

ಶಾಸ್ತ್ರದ ದಿನ ಬೆಳಿಗ್ಗೆ ಗುಳಿಗೆಯ ಹೊತ್ತು ನೋಡಿಕೊಂಡು, ನಮ್ಮ ಮುಂಬಾಗಿಲನ್ನು ಹಾಡಿನಲ್ಲೇ ದಾಟಿಸಿ, ಕಾರಿನಲ್ಲಿ ಹೊರಟೆವು. ಹಾರನಹಳ್ಳಿ ದಾಟಿದ ಮೇಲೆ ಅತ್ತೆ ಕಿಟಕಿಯಾಚೆ ನೋಡುತ್ತ, "ಆಗ್ನಿಲ್ಲ ಅಂದ್ರೆ ಕಾರಲ್ಲೇ ಕುಂತಿರ್ತೀನಿ. ಎತ್ತಾಕೆ ಯಾರ್ನೂ ಬಿಡ್‌ಬ್ಯಾಡ. ಮಾತು ಕೊಡು" ಎಂದರು. ಕೊಟ್ಟೆ.

ನಾದಿನಿಯದು ಹಳೇ ಕಾಲದ ಮನೆ. ಹೊಸಿಲು ಅತ್ತೆ ಹೇಳಿದಷ್ಟು ಎತ್ತರವಲ್ಲ, ಒಂದು ಗೇಣು. ಅರಿಸಿನ ಬಳಿದು, ಮಾವಿನೆಲೆ ಕಟ್ಟಿ, ಬಾಗಿಲ ತುಂಬ ಜನ. ಎಲ್ಲರೂ ಅಜ್ಜಿ ಬಂದರು ಎಂದು ಎದ್ದು ಬಂದಿದ್ದರು. ಅಂಗಳದಲ್ಲಿ ಚೆನ್ನಾಗಿಯೇ ನಡೆದು ಬಂದ ಅತ್ತೆ ಹೊಸಿಲಿನ ಮುಂದೆ ನಿಂತರು. ಅಂಟಿಕೊಂಡಿತು. ನಾದಿನಿ "ಬಾರವ್ವ" ಎಂದು ಎರಡೂ ಕೈ ಚಾಚಿದಳು. ಇಬ್ಬರು ಗಂಡಸರು ಎತ್ತಲು ಮುಂದೆ ಬಂದರು. ನಾನು ಅಡ್ಡ ನಿಂತು, "ಯಾರೂ ಮುಟ್ಟಬೇಡಿ" ಎಂದು ಬಹಳ ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಇಬ್ಬರೂ ಹಿಂದೆ ಸರಿದರು.

ಅತ್ತೆಯ ಪಕ್ಕದಲ್ಲಿ ನಿಂತು ಹಾಡಿದೆ. ಅಷ್ಟು ಜನರ ಕಣ್ಣು, ನನ್ನ ಹಾಳು ಅವಸರ, ಹಾಡು ಓಡಿತು. ಅತ್ತೆಯ ಕಾಲು ಹೊಸಿಲಿನ ಈಚೆಯೇ ಪಟಪಟ ನಡುಗಿತು. ಇನ್ನೊಮ್ಮೆ ಹಾಡಿದೆ, ಇನ್ನೂ ಓಡಿತು. ಹಿಂದೆ ಯಾರೋ "ಅಯ್ಯೋ ಪಾಪ" ಎಂದರು. ಆಗ ಅತ್ತೆ ಬಾಯಿ ಬಿಡದೆ, ತಲೆ ಎತ್ತದೆ, ನಡುಗುವ ಬಲಗೈಯನ್ನು ಸ್ವಲ್ಪ ಮುಂದೆ ಚಾಚಿ ಬೆರಳು ಬಿಡಿಸಿದರು. ಇಲ್ಲದ ಕಲ್ಲಿನ ಬಾಯಿಗೆ ಇಲ್ಲದ ರಾಗಿಯನ್ನು ಒಂದು ಹಿಡಿ ಸುರಿದರು.

ನಾನು ಕಣ್ಣು ಮುಚ್ಚಿ, ಕಾಳು ಬೀಳುವವರೆಗೆ ಕಾದು, ಹಾಡಿದೆ. ರಾಗಿ. ಬಂತು. ಪಕ್ಕದಲ್ಲಿ ಸೀರೆಯ ನಿರಿಗೆ ಸರಿದ ಸದ್ದಾಯಿತು. ಮನೆಗೆ. ತಾಯಿ. ಕಣ್ಣು ತೆರೆದರೆ ಅತ್ತೆ ಒಳಗಿದ್ದರು. ಬಾಗಿಲಲ್ಲಿದ್ದ ಜನ ದಾರಿ ಬಿಟ್ಟಿದ್ದರು, ನಾದಿನಿ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದಳು. ಹಿಂದೆ ತೊಟ್ಟಿಲು ಕಾಣುತ್ತಿತ್ತು. ಅತ್ತೆ ಅದರ ಕಡೆ ನಾಲ್ಕು ಹೆಜ್ಜೆ ಹೋದವರು ನಿಂತು ತಿರುಗಿ ನೋಡಿದರು. ನಾನು ಇನ್ನೂ ಹೊರಗೇ ಇದ್ದೆ. ಕಣ್ಣಲ್ಲಿ ನೀರು ತುಂಬಿ ಹೊಸಿಲೇ ಕಾಣುತ್ತಿರಲಿಲ್ಲ, ಕಾಲು ಏಳುತ್ತಿರಲಿಲ್ಲ.

"ಏನೇ, ನಿಂಗೂ ಅಂಟ್ಕಂತಾ?" ಎಂದರು ಅತ್ತೆ. "ಇರು, ನಾನ್ ಹಾಡ್ತೀನಿ."

ಅಷ್ಟು ಜನರ ನಡುವೆ ನಿಂತು ಅತ್ತೆ ಹಾಡಿದರು, ಕಾಳು ಹಾಕಿಕೊಂಡು, ನಿಧಾನವಾಗಿ. ನಾನು ಬಲಗಾಲಿಟ್ಟು ಒಳಗೆ ಹೋದೆ.